ಮೊದಲು ಕಾಗದ, ಆಮೇಲೆ ಬಣ್ಣ

ಚಿತ್ರ ಬಿಡಿಸುವುದನ್ನು ಕಲಿಯಬೇಕೆಂದು ಹೊರಟ ದೊಡ್ಡವರು ಮೊದಲ ದಿನ ಅಂಗಡಿಯಲ್ಲಿ ಕೊಳ್ಳುವುದು ಸಾಮಾನ್ಯವಾಗಿ ಇಪ್ಪತ್ನಾಲ್ಕು ಬಣ್ಣಗಳ ಡಬ್ಬಿ, ಹತ್ತು ಹನ್ನೆರಡು ಬ್ರಶ್‌ಗಳ ಸೆಟ್ಟು, ಜೊತೆಗೆ ಶಾಲೆ ಮಕ್ಕಳ ಡ್ರಾಯಿಂಗ್ ಬುಕ್ಕು. ಮನೆಗೆ ಬಂದು ಆಕಾಶಕ್ಕೆಂದು ನೀಲಿ ಬಳಿಯುತ್ತಾರೆ. ಹಾಳೆ ಉಬ್ಬಿ ಅಲೆಅಲೆಯಾಗುತ್ತದೆ, ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಸರಿಪಡಿಸಲೆಂದು ಮತ್ತೆ ಬ್ರಶ್ ಆಡಿಸಿದರೆ ಕಾಗದದ ಮೇಲ್ಪದರವೇ ಕಿತ್ತು ಬರುತ್ತದೆ. ‘ಇದು ನಮ್ಮ ಕೈಲಿ ಆಗೋ ಮಾತಲ್ಲ’ ಎಂದುಕೊಂಡ ಮೇಲೆ ಡಬ್ಬಿ ಅಟ್ಟ ಸೇರುತ್ತದೆ. ಪಾಪ, ಅವರ ಕೈಯಲ್ಲಿ ಏನೂ ದೋಷವಿರುವುದಿಲ್ಲ. ಆ ಕಾಗದ ಅಷ್ಟು ನೀರು ಕುಡಿಯಲೆಂದು ಮಾಡಿದ್ದೇ ಅಲ್ಲ.

ಜಲವರ್ಣವನ್ನು ಹವ್ಯಾಸವಾಗಿ ಹಿಡಿಯಬೇಕೆಂದಿರುವವರಿಗೆ ನಾನು ಹೇಳುವುದು ಒಂದೇ: ದುಡ್ಡನ್ನು ಕಾಗದಕ್ಕೆ ಹಾಕಿ, ಬಣ್ಣದಲ್ಲಿ ಉಳಿಸಿ. 300 ಜಿಎಸ್‌ಎಂ ಕಾಗದ, ಅಂದರೆ ಒಂದು ಚದರ ಮೀಟರಿಗೆ 300 ಗ್ರಾಂ ತೂಗುವಂಥದ್ದು ಬೇಕು. ಜಲವರ್ಣದ ಕಾಗದಕ್ಕೆ ಜಿಲೆಟಿನ್ ಅಥವಾ ಗಂಜಿಯಂಥ ವಸ್ತುವನ್ನು ಹಾಯಿಸಿರುತ್ತಾರೆ. ಹಾಗಾಗಿ ನೀರು ತಕ್ಷಣ ಇಂಗುವುದಿಲ್ಲ, ಬಣ್ಣ ಸ್ವಲ್ಪ ಹೊತ್ತು ಮೇಲೆಯೇ ನಿಂತು ಅತ್ತಿತ್ತ ಓಡಾಡುತ್ತದೆ. ಜಲವರ್ಣದ ಸೊಗಸೆಲ್ಲ ಆ ಸ್ವಲ್ಪ ಹೊತ್ತಿನಲ್ಲೇ ಇದೆ. ಹತ್ತಿಯ ನಾರಿನ ಕಾಗದ ಎಲ್ಲಕ್ಕಿಂತ ಮೇಲು, ಬೆಲೆಯೂ ಹಾಗೆಯೇ. ಕಲಿಯುವಾಗ ಮರದ ತಿರುಳಿನ ಕಾಗದವಾದರೂ ನಡೆಯುತ್ತದೆ, ದಪ್ಪದಲ್ಲಿ ಮಾತ್ರ ರಾಜಿ ಬೇಡ. 22×30 ಇಂಚಿನ ದೊಡ್ಡ ಹಾಳೆ ಕೊಂಡು ಎಂಟು ತುಂಡು ಮಾಡಿದರೆ ಪೋಸ್ಟ್‌ಕಾರ್ಡಿಗಿಂತ ದೊಡ್ಡದಾದ, ಹೆದರಿಸದಷ್ಟು ಚಿಕ್ಕದಾದ ಎಂಟು ಹಾಳೆ ಸಿಗುತ್ತವೆ. ಹಿಂಬದಿಯಲ್ಲೂ ಅಭ್ಯಾಸ ಮಾಡಬಹುದು. ಮಕ್ಕಳು ಪರೀಕ್ಷೆಗೆ ಒಯ್ಯುವ ರಟ್ಟಿನ ಮೇಲೆ ನಾಲ್ಕೂ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಕೂರಿಸಿದರೆ ಹಾಳೆ ಅಲುಗುವುದಿಲ್ಲ.

ಬಣ್ಣಕ್ಕೆ ನಾಲ್ಕೇ ಟ್ಯೂಬ್ ಸಾಕು: ಅಲ್ಟ್ರಾಮರೀನ್ ನೀಲಿ, ಲೆಮನ್ ಯೆಲ್ಲೋ, ಕ್ರಿಮ್ಸನ್ ಕೆಂಪು, ಬರ್ನ್ಟ್ ಸಿಯೆನ್ನಾ ಎಂಬ ಸುಟ್ಟ ಮಣ್ಣಿನ ಕಂದು. 1931ರಲ್ಲಿ ಮುಂಬೈಯಲ್ಲಿ ಶಾಯಿ ತಯಾರಿಸುತ್ತ ಶುರುವಾದ ಕ್ಯಾಮ್ಲಿನ್‌ನವರ ವಿದ್ಯಾರ್ಥಿ ದರ್ಜೆಯ ಟ್ಯೂಬ್‌ಗಳು ತಾಲ್ಲೂಕು ಕೇಂದ್ರದ ಸ್ಟೇಷನರಿ ಅಂಗಡಿಯಲ್ಲೂ ಸಿಗುತ್ತವೆ. ಜಲವರ್ಣ ಅಂದರೆ ನುಣ್ಣಗೆ ಅರೆದ ವರ್ಣದ ಪುಡಿ ಮತ್ತು ಜಾಲಿ ಜಾತಿಯ ಮರದ ಗೋಂದು, ಮುಖ್ಯವಾಗಿ ಇಷ್ಟೇ. ಅಲ್ಟ್ರಾಮರೀನನ್ನು ಒಂದು ಕಾಲದಲ್ಲಿ ಆಫ್ಘಾನಿಸ್ತಾನದ ಬದಖ್ಶಾನ್ ಗಣಿಗಳ ನೀಲಿಕಲ್ಲನ್ನು ಪುಡಿಮಾಡಿ ತೆಗೆಯುತ್ತಿದ್ದರು. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಅದನ್ನು ಕೃತಕವಾಗಿ ತಯಾರಿಸುವ ವಿಧಾನ ಸಿಕ್ಕಿದ್ದರಿಂದ ಇವತ್ತು ಅದು ಎಲ್ಲರ ಕೈಗೆಟುಕುತ್ತದೆ.

ಕಪ್ಪು ಕೊಳ್ಳಲೇಬೇಡಿ. ಅಲ್ಟ್ರಾಮರೀನಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿದರೆ ಬೂದು ಹುಟ್ಟುತ್ತದೆ. ನೀಲಿ ಹೆಚ್ಚಾದರೆ ಅದು ಮಳೆಮೋಡ, ಕಂದು ಹೆಚ್ಚಾದರೆ ಹಳೇ ಗೋಡೆ, ಎರಡೂ ದಟ್ಟವಾದರೆ ನೆನೆದ ಬಂಡೆ. ಹಸಿರಿನ ಟ್ಯೂಬ್ ಕೂಡ ಬೇಡ. ಡಬ್ಬಿಯಲ್ಲಿ ಬರುವ ಹಸಿರು ನಮ್ಮ ಯಾವ ಮರದಲ್ಲೂ ಇಲ್ಲ. ನೀಲಿ, ಹಳದಿ ಕಲಸಿ ಚೂರು ಕಂದು ಮುಟ್ಟಿಸಿ ನೋಡಿ, ಹಲಸಿನ ಎಲೆಗೂ ಹುಣಸೆಯ ತೋಪಿಗೂ ಬೇಕಾದ ಹಸಿರು ಅಲ್ಲಿದೆ. ಬ್ರಶ್ ಎರಡು, ಉರುಟು ತುದಿಯವು: 6ನೇ ನಂಬರಿನದೊಂದು, 10ನೇ ನಂಬರಿನದೊಂದು. ಕಲಸಲು ಬಿಳಿ ಪಿಂಗಾಣಿ ತಟ್ಟೆ, ನೀರಿಗೆ ಎರಡು ಲೋಟ, ಒರೆಸಲು ಹಳೇ ಕಾಟನ್ ಬಟ್ಟೆ.

ಇನ್ನು ನೀರಿನ ಮಾತು. ಬಣ್ಣಕ್ಕಿಂತ ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ಇದನ್ನು. ನೀರು ಸವರಿದ ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ತಂದು ಓರೆಯಾಗಿ ನೋಡಿ. ಮಿರಿಮಿರಿ ಹೊಳೆಯುತ್ತಿದ್ದರೆ ಮುಟ್ಟಿಸಿದ ಬಣ್ಣ ಎಲ್ಲೆಂದರಲ್ಲಿ ಹರಡುತ್ತದೆ, ಮೋಡಕ್ಕೆ ಅದೇ ಬೇಕು. ಹೊಳಪು ಮಾಸಿ ಹಾಳೆ ಬರೀ ತೇವವಾಗಿದ್ದರೆ ಬಣ್ಣ ಸ್ವಲ್ಪವೇ ಹರಡಿ ಮೆತ್ತಗಿನ ಅಂಚು ಬಿಡುತ್ತದೆ, ದೂರದ ಗುಡ್ಡಕ್ಕೆ ಅದು ಸರಿ. ಪೂರ್ತಿ ಒಣಗಿದ್ದರೆ ಅಂಚು ಚಾಕುವಿನಲ್ಲಿ ಕೊಯ್ದಷ್ಟು ಚೂಪು. ಹೊಸಬರು ಎಡವುವುದು ನಡುವಿನ ಹಂತದಲ್ಲಿ. ಅರೆ ಒಣಗಿದ ಬಣ್ಣದ ಮೇಲೆ ನೀರು ತುಂಬಿದ ಬ್ರಶ್ ಇಟ್ಟರೆ ಹೊಸ ನೀರು ಹಳೆಯ ಬಣ್ಣವನ್ನು ತಳ್ಳಿಕೊಂಡು ಹೋಗಿ ಸುತ್ತ ಒಂದು ಗೆರೆ ಕಟ್ಟುತ್ತದೆ. ಆಗ ಬ್ರಶ್ ಕೆಳಗಿಟ್ಟು ಎದ್ದು ಹೋಗಿ ಕಾಫಿ ಮಾಡಿಕೊಳ್ಳುವುದೇ ಉಪಾಯ. ಒಣಗಿದ ಮೇಲೆ ಬಣ್ಣ ಸ್ವಲ್ಪ ತಿಳಿಯಾಗುತ್ತದೆ ಎನ್ನುವುದೂ ನೆನಪಿರಲಿ. ಹಸಿಯಿದ್ದಾಗ ತುಸು ಗಾಢವೆನಿಸಿದ್ದು ಒಣಗಿದಾಗ ಸರಿಹೋಗಿರುತ್ತದೆ.

ಈ ಲೆಕ್ಕ ಊರಿಂದೂರಿಗೆ ಬೇರೆ. ಕಲಬುರಗಿಯಲ್ಲಿ ಏಪ್ರಿಲ್ ಮಧ್ಯಾಹ್ನ ಬ್ರಶ್ ಹಾಳೆಯ ಈ ತುದಿಯಿಂದ ಆ ತುದಿ ಮುಟ್ಟುವಷ್ಟರಲ್ಲಿ ಶುರುವಿನ ಭಾಗ ಒಣಗಿರುತ್ತದೆ. ಅಲ್ಲಿ ಹಾಳೆಯ ಎರಡೂ ಬದಿ ಚೆನ್ನಾಗಿ ನೆನೆಸಿಕೊಂಡು ಕೂರಬೇಕು, ಫ್ಯಾನ್ ಆರಿಸಬೇಕು. ಮಂಗಳೂರಿನ ಆಟಿ ತಿಂಗಳ ಮಳೆಯಲ್ಲಿ ಹಾಳೆ ಎಷ್ಟು ಹೊತ್ತಾದರೂ ತೇವ ಬಿಡುವುದಿಲ್ಲ. ಮಂಜು, ಮೋಡ ಬಿಡಿಸುವವರಿಗೆ ಅದು ಹಬ್ಬ, ಆದರೆ ಕಾಗದಕ್ಕೆ ಬೂಸ್ಟು ಹಿಡಿಯದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು. ಪುಸ್ತಕಗಳಲ್ಲಿ, ವಿಡಿಯೊಗಳಲ್ಲಿ ಹೇಳುವ ನಿಮಿಷಗಳ ಲೆಕ್ಕ ನಮ್ಮ ಊರಿಗೆ ಹೊಂದಲಿಕ್ಕಿಲ್ಲ, ಹೊಳಪನ್ನು ನೋಡಿಯೇ ನಿರ್ಧರಿಸಬೇಕು.

ಏನು ಬಿಡಿಸುವುದು? ಅಡುಗೆಮನೆಯಿಂದ ಒಂದು ನೇರಳೆ ಬದನೆಕಾಯಿ ತಂದು ಕಿಟಕಿಯ ಪಕ್ಕ ಇಡಿ. ಬಣ್ಣ ಕಲಸುವ ಮೊದಲು ಐದು ನಿಮಿಷ ನೋಡಿ. ಹೊಟ್ಟೆಯ ಮೇಲೆ ಕಿಟಕಿಯೇ ಒಂದು ಬಿಳಿ ಚೌಕವಾಗಿ ಕೂತಿದೆ. ಆ ಚೌಕವನ್ನು ಪೆನ್ಸಿಲ್ಲಿನಲ್ಲಿ ತೆಳುವಾಗಿ ಗುರುತಿಸಿ, ಅಲ್ಲಿಗೆ ಬಣ್ಣ ತಾಕಿಸಬೇಡಿ. ಜಲವರ್ಣದಲ್ಲಿ ಬಿಳಿ ಅಂದರೆ ಖಾಲಿ ಬಿಟ್ಟ ಕಾಗದ. ಕ್ರಿಮ್ಸನ್, ಅಲ್ಟ್ರಾಮರೀನ್ ಸೇರಿಸಿದ ನೇರಳೆಯನ್ನು ಉಳಿದೆಡೆ ತೆಳುವಾಗಿ ಹರಡಿ. ಹೊಳಪು ಆರುವ ಮುನ್ನ ಬೆಳಕಿಲ್ಲದ ಬದಿಗೆ ಗಟ್ಟಿ ನೀಲಿ ಮುಟ್ಟಿಸಿದರೆ ಅದು ತಾನಾಗಿ ಹರಿದು ಕಾಯಿಗೆ ದುಂಡು ಬರುತ್ತದೆ. ಕೆಳ ಅಂಚನ್ನು ಗಮನಿಸಿ: ಮೇಜಿನ ಬೆಳಕು ಮರಳಿ ಬಡಿದು ಅಲ್ಲೊಂದು ತಿಳಿ ಪಟ್ಟಿ ಇರುತ್ತದೆ. ತೊಟ್ಟಿನ ಹಸಿರು ಕೊನೆಗೆ, ಎಲ್ಲ ಒಣಗಿದ ಮೇಲೆ. ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನಮರ ಎಂದು ಶಾಲೆಯಿಂದ ಬಿಡಿಸುತ್ತ ಬಂದವರಿಗೆ ಈ ಒಂದು ಬದನೆಕಾಯಿ ಕಣ್ಣು ತೆರೆಸುತ್ತದೆ. ವಿಡಿಯೊ ನೋಡಿ ಕೈಚಳಕ ಕಲಿಯಬಹುದು, ತಪ್ಪೇನಿಲ್ಲ. ನೋಟ ಕಲಿಯಲು ಎದುರಿಗೆ ವಸ್ತುವೇ ಇರಬೇಕು. ಕ್ಲಾಸಿಗೆ ಸೇರುವವರೂ ಫೋಟೊ ನೋಡಿ ನಕಲು ಮಾಡಿಸುವ ಮಾಸ್ತರರಿಗಿಂತ ಹೂಕುಂಡದ ಮುಂದೆ ಕೂರಿಸುವ ಮಾಸ್ತರರನ್ನು ಹುಡುಕಿಕೊಳ್ಳಲಿ.

ವಯಸ್ಸಾಯಿತಲ್ಲ ಎಂಬ ಅಳುಕಿಗೆ ರವೀಂದ್ರನಾಥ ಠಾಕೂರರೇ ಉತ್ತರ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಆಕೃತಿಗಳಾಗಿ ತಿದ್ದುತ್ತ ತಿದ್ದುತ್ತ ಅರವತ್ತು ದಾಟಿದ ಮೇಲೆ ಅವರು ಚಿತ್ರಕ್ಕೆ ತಮ್ಮನ್ನು ಕೊಟ್ಟುಕೊಂಡರು. 1930ರಲ್ಲಿ ಪ್ಯಾರಿಸ್‌ನಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆದಾಗ ಎಪ್ಪತ್ತು ಹತ್ತಿರ ಬಂದಿತ್ತು. ನಮ್ಮವರೇ ಆದ ದೊಡ್ಡಬಳ್ಳಾಪುರದ ರುಮಾಲೆ ಚನ್ನಬಸವಯ್ಯ ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿ, ಪತ್ರಿಕೆ, ರಾಜಕೀಯ ಎಂದು ವರ್ಷಗಟ್ಟಲೆ ಓಡಾಡಿ, ಆಮೇಲೆ ಕುಂಚಕ್ಕೆ ಮರಳಿದವರು. ಬೆಂಗಳೂರಿನ ಗುಲ್‌ಮೊಹರ್, ಜಕರಾಂಡ ಮರಗಳು ಹೂಬಿಟ್ಟ ಬೀದಿಗಳನ್ನು ಅವರಷ್ಟು ಪ್ರೀತಿಯಿಂದ ಬಣ್ಣಕ್ಕಿಳಿಸಿದವರು ಇನ್ನೊಬ್ಬರಿಲ್ಲ. ಸಂಯಮ ಕಲಿಯಲು ಮೈಸೂರಿನ ಕೆ. ವೆಂಕಟಪ್ಪನವರನ್ನು ನೋಡಬೇಕು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದ, ವೀಣೆಯನ್ನೂ ನುಡಿಸುತ್ತಿದ್ದ ಈ ಚಿತ್ರಕಾರ ಊಟಿ, ಕೊಡೈಕೆನಾಲ್‌ಗಳ ಮಂಜನ್ನು ಜಲವರ್ಣದಲ್ಲಿ ಹಿಡಿದ ಬಗೆ ಅಚ್ಚಿನಲ್ಲಿ ಅರ್ಧವೂ ಕಾಣುವುದಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆ ಅವರ ಹೆಸರಿನದೇ. ಹೊರಡುವ ಮುನ್ನ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಉದ್ದಕ್ಕೂ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಗೆ ಬೆಳಿಗ್ಗೆಯೇ ಹೋದರೆ ಕಲಾವಿದರ ಜೊತೆ ನಿಂತು ಮಾತಾಡುವಷ್ಟು ಬಿಡುವು ಸಿಗುತ್ತದೆ.

ಬಿಡಿಸಿದ್ದನ್ನು ಹರಿದು ಎಸೆಯಬೇಡಿ. ಹಿಂಬದಿಯಲ್ಲಿ ತಾರೀಖು, ಬಳಸಿದ ಬಣ್ಣಗಳ ಹೆಸರು ಬರೆದಿಡಿ. ಆರು ತಿಂಗಳ ನಂತರ ಆ ಟಿಪ್ಪಣಿಯೇ ಪಾಠ. ಮೆಚ್ಚಿಕೆಯಾದದ್ದನ್ನು ಗೋಡೆಗೆ ಹಾಕುವುದಾದರೆ ಬಿಸಿಲು ಬೀಳುವ ಗೋಡೆ ಬೇಡ, ಕ್ರಿಮ್ಸನ್ನಿನ ಹಳೆಯ ನಮೂನೆಗಳು ಬೆಳಕಿಗೆ ಬೇಗ ಮಾಸುತ್ತವೆ. ಫ್ರೇಮಿನವರಿಗೆ ಹೇಳಿ ಗಾಜಿಗೂ ಚಿತ್ರಕ್ಕೂ ನಡುವೆ ದಪ್ಪ ರಟ್ಟಿನ ಅಂಚು ಹಾಕಿಸಿ. ಗಾಜು ನೇರವಾಗಿ ತಾಗಿಕೊಂಡರೆ ಮಳೆಗಾಲದ ತೇವಕ್ಕೆ ಬಣ್ಣ ಅದಕ್ಕೇ ಅಂಟಿಕೊಳ್ಳುತ್ತದೆ.