ಯಲ್ದೂರಿನಲ್ಲಿ ಕನ್ನಡಿ ಕೊಟ್ಟ ಬೆಳಕು!

ಹೀರೋಗಳ ಫೋಟೋ ಎಲ್ಲರೂ ತೆಗೀತಾರೆ ಸ್ವಾಮಿ, ನನ್ನ ಹುಚ್ಚೇ ಬೇರೆ. ಭಾನುವಾರ ಬಂತೆಂದರೆ ಹಳೇ ರೀಲು ಕ್ಯಾಮೆರಾ ಹೆಗಲಿಗೇರಿಸಿ ಬಸ್ಸು ಹತ್ತುವುದು. ಹಳೇ ಮನೆ, ಸಂತೆ ಬೀದಿ, ಸುಕ್ಕುಗಟ್ಟಿದ ಮುಖ... ಸಿಕ್ಕಿದ್ದನ್ನು ಹಿಡಿಯುವುದು!

ಆ ಸಲ ಇಳಿದದ್ದು ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನಲ್ಲಿ. ಒಂದು ಮಣ್ಣಿನ ಮಾಳಿಗೆ ಮನೆ, ಒಳಗೆ ಕಂಬಕ್ಕೊರಗಿ ಕೂತ ಅಜ್ಜಿ.

"ಅಜ್ಜೀ, ಒಂದು ಫೋಟೋ ತೆಗೀಲಾ?"

"ನಂದ್ಯಾಕಪ್ಪಾ? ಮನೇದು ತೆಗಿ. ನಮ್ಮ ಯಜಮಾನ್ರು ಕಟ್ಟಿದ್ದು. ಬರೋ ವಾರ ಕೆಡವ್ತಾರೆ."

ಒಳಗೋ, ಗವ್ವೆನ್ನುವ ಕತ್ತಲೆ. ಫ್ಲಾಶ್ ಇಲ್ಲ. 36 ಫ್ರೇಮಿನ ರೀಲಿನಲ್ಲಿ ಉಳಿದಿದ್ದು ಮೂರೇ!

ಆಗ ನೆನಪಾದವರು ನಮ್ಮ ಮೈಸೂರಿನ ವಿ.ಕೆ. ಮೂರ್ತಿ. 1959ರ 'ಕಾಗಜ್ ಕೆ ಫೂಲ್' ನೋಡಿದ್ದೀರಲ್ಲ? ಗುರುದತ್ತರ ಆ ಸಿನಿಮಾಸ್ಕೋಪ್ ಚಿತ್ರದಲ್ಲಿ ಖಾಲಿ ಸ್ಟುಡಿಯೋದೊಳಗೆ ಕಂಬದಂತೆ ಇಳಿಯುತ್ತದಲ್ಲ ಬೆಳಕು, ಅದು ದೊಡ್ಡ ಲೈಟಿನದಲ್ಲ. ಎರಡು ಕನ್ನಡಿಯಿಂದ ಒಳಕ್ಕೆ ತಿರುಗಿಸಿದ ಬಿಸಿಲು! ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ.

ನನಗೆ ಸಿಕ್ಕಿದ್ದು ಗೋಡೆಯ ಒಂದೇ ಕನ್ನಡಿ. ಮೊಮ್ಮಗ ಅದನ್ನು ಬೀದಿಯಲ್ಲಿ ಹಿಡಿದ. ಬಿಸಿಲು ನೇರ ಅಜ್ಜಿಯ ಕಣ್ಣಿಗೇ ಹೊಡೆಯಿತು. ಛೆ! ಎದುರಿಗೆ ಬಿಳೀ ಪಂಚೆ ಕಟ್ಟಿ, ಬೆಳಕನ್ನು ಅದರ ಮೇಲೆ ಬೀಳಿಸಿದೆವು. ಕಂಬ, ತೊಲೆ, ಅಜ್ಜಿಯ ಮುಖ, ಎಲ್ಲಾ ಮೆಲ್ಲಗೆ ಕತ್ತಲಿಂದ ಎದ್ದು ಬಂದವು. ಮೊದಲೆರಡು ಫ್ರೇಮು ನನ್ನ ಕೈ ನಡುಗಿ ಹಾಳು. ಮೂರನೆಯದು ಬಂತು.

ತಿಂಗಳ ಮೇಲೆ ಪ್ರಿಂಟು ಕೊಡಲು ಹೋದಾಗ ಮನೆಯಿದ್ದ ಜಾಗದಲ್ಲಿ ಇಟ್ಟಿಗೆ ರಾಶಿ. ಅಜ್ಜಿ ತಮ್ಮ ಮುಖ ನೋಡಿಕೊಳ್ಳಲೇ ಇಲ್ಲ. ಚಿತ್ರದ ತೊಲೆಯ ಮೇಲೆ ಬೆರಳಿಟ್ಟು ಮೊಮ್ಮಗನನ್ನು ಕರೆದರು:

"ನೋಡೋ, ನಿಮ್ಮಪ್ಪನ ತೊಟ್ಟಿಲು ಇಲ್ಲೇ ಕಟ್ಟಿದ್ದು."