ಇಮೇಲ್ ಫಿಲ್ಟರ್ ಹಾಕಿದರೆ ಮುಖ್ಯವಾದ ಮೇಲ್ ಕಳೆದುಹೋಗುತ್ತದೆಯೇ?

"ಫಿಲ್ಟರ್ ಹಾಕಬೇಡಿ, ಬೇಕಾದ ಮೇಲ್‌ಗಳೂ ಮಾಯವಾಗುತ್ತವೆ" ಎಂದು ಹೇಳುವವರನ್ನು ನೀವೂ ನೋಡಿರಬಹುದು. ಸಂದರ್ಶನದ ಕರೆ, ಹಾಲ್ ಟಿಕೆಟ್, ಬ್ಯಾಂಕಿನ ಸೂಚನೆ ಎಲ್ಲವೂ ಇಮೇಲ್‌ಗೇ ಬರುವಾಗ ಈ ಭಯ ಸಹಜ. ಇದರಲ್ಲಿ ನಿಜವೆಷ್ಟು ಎಂದು ನೋಡೋಣ.

ಫಿಲ್ಟರ್ ಮಾಡುವ ಕೆಲಸ ಏನು?

ಫಿಲ್ಟರ್ ಎಂದರೆ "ಹೀಗಿದ್ದರೆ ಹಾಗೆ ಮಾಡು" ಎಂಬ ನಿಯಮ, ಅಷ್ಟೇ. ಕಳುಹಿಸಿದವರ ವಿಳಾಸ, ವಿಷಯದ ಸಾಲು ಮುಂತಾದವನ್ನು ನೋಡಿ ಮೇಲ್ ಅನ್ನು ನಾವು ಹೇಳಿದ ಫೋಲ್ಡರ್‌ಗೆ ಹಾಕುತ್ತದೆ.

ಇದು ಚೆನ್ನಾಗಿ ಅರ್ಥವಾಗುವುದು ಮಟ್ ಎಂಬ ಹಳೆಯ ಮೇಲ್ ಪ್ರೋಗ್ರಾಂನಲ್ಲಿ. ಮೈಕೆಲ್ ಎಲ್ಕಿನ್ಸ್ 1995ರಲ್ಲಿ ಬರೆದ ಇದರಲ್ಲಿ ಚಿತ್ರಗಳಿಲ್ಲ, ಒತ್ತಲು ಬಟನ್‌ಗಳಿಲ್ಲ. ಪರದೆಯ ಮೇಲೆ ಬರೀ ಅಕ್ಷರ, ಕೆಲಸವೆಲ್ಲ ಕೀಬೋರ್ಡ್‌ನಲ್ಲಿ. ಲಿನಕ್ಸ್ ಬಳಸುವ ಕೆಲವರು ಇದನ್ನು ಇಂದಿಗೂ ಬಿಟ್ಟಿಲ್ಲ. ಮಟ್ ಮೇಲ್‌ಗಳನ್ನು ತೋರಿಸುತ್ತದೆ. ಬಂದ ಮೇಲ್‌ಗಳನ್ನು ವಿಂಗಡಿಸಲು ಹಲವರು ಅದರ ಜೊತೆ ಪ್ರಾಕ್‌ಮೇಲ್ ಎಂಬ ಇನ್ನೊಂದು ಪ್ರೋಗ್ರಾಂ ಬಳಸುತ್ತಿದ್ದರು.

ಪ್ರಾಕ್‌ಮೇಲ್‌ಗೆ ನಿಯಮಗಳನ್ನು ಒಂದು ಸಾದಾ ಫೈಲ್‌ನಲ್ಲಿ ಬರೆದುಕೊಡಬೇಕು. ಮೇಲ್ ಬಂದ ಕೂಡಲೇ ಅದು ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ಒಂದು ನಿಯಮ ಹೊಂದಿಕೆಯಾದರೆ ಮೇಲ್ ಅನ್ನು ಆ ಫೋಲ್ಡರ್‌ಗೆ ಹಾಕಿ, ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತದೆ. ಯಾವ ನಿಯಮವೂ ಹೊಂದದಿದ್ದರೆ ಮೇಲ್ ಇನ್‌ಬಾಕ್ಸ್‌ಗೇ ಬರುತ್ತದೆ. ಅಂದರೆ ಫಿಲ್ಟರ್ ತಾನಾಗಿ ಏನನ್ನೂ ಬಿಸಾಡುವುದಿಲ್ಲ.

ಹಾಗಾದರೆ ಮೇಲ್ ಮಾಯವಾಗುವುದು ಹೇಗೆ?

ಮೊದಲ ಕಾರಣ, ಫಿಲ್ಟರ್‌ಗೆ ಪದ ಗೊತ್ತು, ಅರ್ಥ ಗೊತ್ತಿಲ್ಲ. ಜಾಹೀರಾತುಗಳ ಕಾಟಕ್ಕೆ ಬೇಸತ್ತು "ವಿಷಯದಲ್ಲಿ ಆಫರ್ ಎಂಬ ಪದವಿದ್ದರೆ ಅಳಿಸು" ಎಂದು ನಿಯಮ ಬರೆದಿರಿ ಎನ್ನಿ. ಸೀರೆ ಅಂಗಡಿಯ "ಹಬ್ಬದ ಆಫರ್" ಜೊತೆಗೆ ಕೆಲಸ ಸಿಕ್ಕ ಕಂಪನಿಯ "ಆಫರ್ ಲೆಟರ್" ಕೂಡ ಹೋಗುತ್ತದೆ. ಹಾಗಾಗಿ ವಿಷಯದ ಪದಕ್ಕಿಂತ ಕಳುಹಿಸಿದವರ ವಿಳಾಸವನ್ನು ಆಧರಿಸಿದ ನಿಯಮ ಮೇಲು.

ಎರಡನೆಯದು ಸಾಲಿನ ಕ್ರಮ. ಪ್ರಾಕ್‌ಮೇಲ್‌ನಲ್ಲಿ "ಆಫರ್" ನಿಯಮ ಮೇಲಿದ್ದು, ಕಂಪನಿಯ ವಿಳಾಸದ ನಿಯಮ ಕೆಳಗಿದ್ದರೆ, ಎರಡನೆಯದರ ಸರದಿಯೇ ಬರುವುದಿಲ್ಲ. ಮುಖ್ಯವಾದ ಮೇಲ್‌ಗಳ ನಿಯಮ ಯಾವಾಗಲೂ ಮೇಲಿರಬೇಕು.

ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಮೇಲ್ ಫೋಲ್ಡರ್‌ಗೆ ಹೋಯಿತು, ಆದರೆ ಆ ಫೋಲ್ಡರ್ ಅನ್ನು ಯಾರೂ ತೆರೆಯಲಿಲ್ಲ! ಮಟ್‌ನಲ್ಲಿ ಯಾವ ಯಾವ ಫೋಲ್ಡರ್‌ಗಳಲ್ಲಿ ಹೊಸ ಮೇಲ್ ಹುಡುಕಬೇಕು ಎಂದು ಬೇರೆಯಾಗಿ ಪಟ್ಟಿ ಕೊಡಬೇಕು. ಕೊಡದಿದ್ದರೆ ಮೇಲ್ ಸುರಕ್ಷಿತವಾಗಿಯೇ ಇರುತ್ತದೆ, ನಮಗೆ ಗೊತ್ತಾಗುವುದಿಲ್ಲ.

"ಬ್ಯಾಂಕ್" ಫೋಲ್ಡರ್‌ನಲ್ಲಿರುವುದೆಲ್ಲ ಬ್ಯಾಂಕಿನದೇ?

ಅಲ್ಲ. ಕಳುಹಿಸಿದವರ ಹೆಸರು, ವಿಳಾಸ ಎರಡನ್ನೂ ನಕಲಿಯಾಗಿ ಬರೆಯಲು ಸಾಧ್ಯ. ಮೇಲ್ ಸೇವೆಗಳು ಇಂಥವನ್ನು ತಡೆಯಲು ಪರೀಕ್ಷೆ ನಡೆಸುತ್ತವೆ, ಆದರೂ ಕೆಲವು ನುಸುಳುತ್ತವೆ. ನಿಮ್ಮ ನಿಯಮ ಬ್ಯಾಂಕಿನ ಹೆಸರನ್ನಷ್ಟೇ ನೋಡುವುದಾದರೆ ವಂಚಕರ ಮೇಲ್ ಕೂಡ ನಂಬಿಕೆಯ ಫೋಲ್ಡರ್‌ಗೇ ಬಂದು ಕೂರುತ್ತದೆ. ಫೋಲ್ಡರ್ ಯಾವುದೇ ಇರಲಿ, ಒಟಿಪಿ ಅಥವಾ ಪಾಸ್‌ವರ್ಡ್ ಕೇಳುವ ಮೇಲ್ ಅನ್ನು ನಂಬಬೇಡಿ.

ಜಿಮೇಲ್ ಬಳಸುವವರು ಏನು ಮಾಡಬೇಕು?

ಜಿಮೇಲ್‌ನಲ್ಲಿ ಫೋಲ್ಡರ್‌ಗೆ ಬದಲು ಲೇಬಲ್ ಇದೆ. ಫಿಲ್ಟರ್ ಮಾಡಲು ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಜಿಮೇಲ್ ತೆರೆಯಿರಿ. ಈ ನಾಲ್ಕು ವಿಷಯ ಗಮನಿಸಿ:

1. ನಿಯಮ ಉಳಿಸುವ ಮೊದಲು ಅದೇ ಷರತ್ತಿನಿಂದ ಹಳೆಯ ಮೇಲ್‌ಗಳನ್ನು ಹುಡುಕಿ. ಬೇಕಾದ ಮೇಲ್ ಕೂಡ ಪಟ್ಟಿಯಲ್ಲಿ ಬಂದರೆ ಷರತ್ತು ಬದಲಿಸಿ.

2. "ಡಿಲೀಟ್" ಆಯ್ಕೆ ಬೇಡ, ಲೇಬಲ್ ಸಾಕು. ಟ್ರ್ಯಾಶ್ ಮತ್ತು ಸ್ಪ್ಯಾಮ್‌ಗೆ ಹೋದ ಮೇಲ್‌ಗಳನ್ನು ಜಿಮೇಲ್ 30 ದಿನಗಳ ನಂತರ ಪೂರ್ತಿ ಅಳಿಸುತ್ತದೆ.

3. "ಸ್ಕಿಪ್ ಇನ್‌ಬಾಕ್ಸ್" ಆಯ್ಕೆಯನ್ನು ಮೊದಲ ಕೆಲವು ವಾರ ಬಳಸಬೇಡಿ. ಲೇಬಲ್ ಸರಿಯಾಗಿ ಬೀಳುತ್ತಿದೆ ಎಂದು ಖಾತ್ರಿಯಾದ ಮೇಲೆ ಬೇಕಿದ್ದರೆ ಹಾಕಿ.

4. ಮೇಲ್ ಕಾಣುತ್ತಿಲ್ಲವೇ? "ಆಲ್ ಮೇಲ್" ತೆರೆದು ನೋಡಿ. ಮಾಮೂಲಿ ಹುಡುಕಾಟದಲ್ಲಿ ಸ್ಪ್ಯಾಮ್, ಟ್ರ್ಯಾಶ್ ಸೇರುವುದಿಲ್ಲ, ಅವೆರಡನ್ನೂ ಬೇರೆಯಾಗಿ ನೋಡಬೇಕು.

ಒಟ್ಟಿನಲ್ಲಿ, ಫಿಲ್ಟರ್ ಹಾಕಿದ ಮಾತ್ರಕ್ಕೆ ಮೇಲ್ ಕಳೆದುಹೋಗುತ್ತದೆ ಎಂಬುದು ತಪ್ಪು. ಅವಸರದಲ್ಲಿ ಬರೆದ ನಿಯಮದಿಂದ ಮೇಲ್ ಕಣ್ತಪ್ಪಬಹುದು ಎಂಬುದು ನಿಜ. ಕೆಲಸ ಅಥವಾ ಪರೀಕ್ಷೆಯ ಉತ್ತರಕ್ಕಾಗಿ ಕಾಯುತ್ತಿರುವವರು ನಿಮ್ಮ ಮನೆಯಲ್ಲಿದ್ದರೆ, ಇವತ್ತೇ ಅವರ ಸ್ಪ್ಯಾಮ್ ಮತ್ತು ಟ್ರ್ಯಾಶ್ ಒಮ್ಮೆ ನೋಡಲು ಹೇಳಿ.