ಎರಡು ನಗರಗಳ ದೂರವೂ ವಿಮಾನಯಾನದ ಅವಧಿಯೂ

ಹೆಲ್ಸಿಂಕಿಯಿಂದ ಟೋಕಿಯೋ ನಗರಕ್ಕೆ ದೂರವೆಷ್ಟು, ವಿಮಾನದಲ್ಲಿ ಹೋಗಲು ಹಿಡಿಯುವ ಕಾಲವೆಷ್ಟು ಎಂಬ ಪ್ರಶ್ನೆಗಳನ್ನು ಸಾಮಾನ್ಯವಾಗಿ ಒಟ್ಟಿಗೇ ಕೇಳುವುದುಂಟು. ಮೊದಲನೆಯದಕ್ಕೆ ಗಣಿತವು ಉತ್ತರ ಕೊಡಬಲ್ಲದು. ಎರಡನೆಯದಕ್ಕೆ ಗಣಿತವೊಂದೇ ಸಾಲದು.

ಭೂಮಿಯನ್ನು ಗೋಲವೆಂದು ಭಾವಿಸಿದರೆ, ಅದರ ಮೇಲಣ ಎರಡು ಸ್ಥಳಗಳ ನಡುವೆ ಅತಿ ಹತ್ತಿರದ ಹಾದಿ ಅವುಗಳನ್ನು ಹಾಯ್ದುಹೋಗುವ ಮಹಾವೃತ್ತದ ಕಂಸ. ಹೆಲ್ಸಿಂಕಿ 60.2 ಡಿಗ್ರಿ ಉತ್ತರ ಅಕ್ಷಾಂಶ, 25 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಟೋಕಿಯೋ 35.7 ಡಿಗ್ರಿ ಉತ್ತರ, 139.7 ಡಿಗ್ರಿ ಪೂರ್ವದಲ್ಲಿದೆ. ಗೋಲೀಯ ತ್ರಿಕೋನಮಿತಿಯಿಂದ ಲೆಕ್ಕ ಹಾಕಿದರೆ ಇವೆರಡೂ ಭೂಕೇಂದ್ರದಲ್ಲಿ 70.3 ಡಿಗ್ರಿ ಕೋನವನ್ನುಂಟುಮಾಡುತ್ತವೆ. ಡಿಗ್ರಿಯೊಂದಕ್ಕೆ 111.2 ಕಿಲೋಮೀಟರಿನಂತೆ ದೂರವು ಸುಮಾರು 7,800 ಕಿಲೋಮೀಟರಾಗುತ್ತದೆ. ಗೋಡೆಯ ಮೇಲೆ ತೂಗುಹಾಕಿದ ಮರ್ಕೇಟರನ ನಕ್ಷೆಯಲ್ಲಿ ಅಳತೆಪಟ್ಟಿಯಿಟ್ಟು ನೇರ ಗೆರೆಯೆಳೆದು, ಆ ಗೆರೆಯನ್ನೇ ಅನುಸರಿಸಿ ಹಾರಿದರೆ ಸುಮಾರು 8,750 ಕಿಲೋಮೀಟರು! ಧ್ರುವದ ಕಡೆಗೆ ಹೋದಂತೆ ಒಂದಕ್ಕೊಂದು ಸಮೀಪಿಸುವ ರೇಖಾಂಶಗಳನ್ನು ಆ ನಕ್ಷೆಯು ಸಮಾಂತರವಾಗಿ ತೋರಿಸುವುದೇ ಈ ಭ್ರಮೆಗೆ ಕಾರಣ. ನಿಜವಾಗಿ ಹತ್ತಿರದ ಹಾದಿಯು ನಕ್ಷೆಯಲ್ಲಿ ಬಿಲ್ಲಿನಂತೆ ಬಾಗಿ, 67 ಡಿಗ್ರಿಯವರೆಗೆ ಉತ್ತರಕ್ಕೇರಿ, ಉತ್ತರ ಧ್ರುವವೃತ್ತವನ್ನು ತುಸುವೇ ದಾಟಿ ಇಳಿಯುತ್ತದೆ.

ಗಂಟೆಗೆ 850 ಕಿಲೋಮೀಟರು ವೇಗದಲ್ಲಿ ಇದು ಒಂಬತ್ತೂಕಾಲು ಗಂಟೆಯ ಪಯಣ. ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ಬಿರುಗಾಳಿಯ ಪ್ರವಾಹವು ಹೋಗುವಾಗ ಸಹಾಯಕವೂ ಬರುವಾಗ ಪ್ರತಿಕೂಲವೂ ಆಗುವುದರಿಂದ ಎರಡು ದಿಕ್ಕಿನ ಅವಧಿಗಳು ಒಂದೇ ಆಗಿರುವುದಿಲ್ಲ. (ವೇಳಾಪಟ್ಟಿಯನ್ನು ನೋಡಿ ಕಳೆಯುವವರು, ಚಳಿಗಾಲದಲ್ಲಿ ಟೋಕಿಯೋದ ಗಡಿಯಾರ ಏಳು ಗಂಟೆ ಮುಂದಿರುವುದನ್ನು ಮರೆಯಬಾರದು.)

ಆದರೆ ಈ ಕಂಸದ ಬಹುಭಾಗ ರಷ್ಯದ ಆಕಾಶದಲ್ಲಿದೆ. ತೊಡಕು ಇರುವುದು ಇಲ್ಲಿಯೇ. 1983ರಲ್ಲಿ ಫಿನ್‌ಏರ್ ಸಂಸ್ಥೆಯು ಈ ನಗರಗಳ ನಡುವೆ ಎಲ್ಲಿಯೂ ಇಳಿಯದ ಯಾನವನ್ನಾರಂಭಿಸಿದಾಗ ಅದರ ಡಿಸಿ-10 ವಿಮಾನವು ಸೋವಿಯತ್ ನೆಲವನ್ನು ತಪ್ಪಿಸಿ, ಉತ್ತರ ಧ್ರುವದ ಮೇಲೆ ಹಾಯ್ದು, ಬೇರಿಂಗ್ ಜಲಸಂಧಿಯಲ್ಲಿ ದಕ್ಷಿಣಕ್ಕೆ ತಿರುಗುತ್ತಿತ್ತು. ಆ ಬಳಸುದಾರಿ ಹನ್ನೊಂದು ಸಾವಿರ ಕಿಲೋಮೀಟರಿಗೆ ಸಮೀಪ. ಕಾಲ ಸುಮಾರು 13 ಗಂಟೆ. ಮುಂದೆ ಸೈಬೀರಿಯದ ಆಕಾಶ ತೆರೆದು ಪಯಣ ಒಂಬತ್ತೂವರೆ ಗಂಟೆಗಿಳಿಯಿತು. ಯುರೋಪಿನಿಂದ ಪೂರ್ವ ಏಷ್ಯಕ್ಕೆ ಹೋಗುವವರಿಗೆ ಹೆಲ್ಸಿಂಕಿ ಹತ್ತಿರದ ಬಾಗಿಲಾಯಿತು. ಸಂಸ್ಥೆಯ ವ್ಯಾಪಾರದ ಬಲವೂ ಇದೇ ಭೂಗೋಳವನ್ನು ನೆಮ್ಮಿತ್ತು.

2022ರ ಫೆಬ್ರುವರಿಯಲ್ಲಿ ಯುಕ್ರೇನಿನ ಮೇಲೆ ದಾಳಿ ನಡೆದು, ಯುರೋಪೂ ರಷ್ಯವೂ ಪರಸ್ಪರರ ವಿಮಾನಗಳಿಗೆ ಆಕಾಶವನ್ನು ಮುಚ್ಚಿದುವು. ಮಾರ್ಚಿಯಲ್ಲಿ ಟೋಕಿಯೋ ಯಾನ ಮತ್ತೆ ಆರಂಭವಾದಾಗ ಹಾದಿ ಪುನಃ ಧ್ರುವದ ಮೇಲಕ್ಕೇ ಹೋಯಿತು, ಇಲ್ಲವೇ ದಕ್ಷಿಣಕ್ಕೆ ಬಳಸಿ ಮಧ್ಯ ಏಷ್ಯ, ಚೀನಗಳ ಮೇಲೆ ಸಾಗಿತು. ಹೆಚ್ಚಿನ ಇಂಧನವನ್ನು ಹೊರಬೇಕು. −47 ಡಿಗ್ರಿಗೆ ಹೆಪ್ಪುಗಟ್ಟುವ ಆ ಇಂಧನ ಧ್ರುವದ ಶೀತದಲ್ಲಿ ತೀರ ತಣಿಯದಂತೆ ಕಾಯಬೇಕು. ಸುಮಾರು ನಲವತ್ತು ವರ್ಷಗಳಲ್ಲಿ ವಿಮಾನಗಳು ಎಷ್ಟೋ ಸುಧಾರಿಸಿದ್ದುವು. ನಗರಗಳು ಇದ್ದಲ್ಲಿಯೇ ಇದ್ದುವು. ಅವಧಿ ಮಾತ್ರ ಮತ್ತೆ 13 ಗಂಟೆಯಾಯಿತು.